ಅನುಕಂಪೆಯ ಮೂರನೆಯ ಹೆಜ್ಜೆ

ಯಾತ್ರೆಗೆ ಹೊರಟವರು ಪುಣ್ಯವನ್ನು ಅರಸಿ ಹೋಗುತ್ತಾರೆ. ಮರಳುವಾಗ ಕೆಲವರ ಎದೆಯಲ್ಲಿ ಒಂದು ಭಾರವೂ ಕುಳಿತಿರುತ್ತದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳನ್ನು ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ದಾರಿಯನ್ನಾಗಲಿ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ದಾರಿಯನ್ನಾಗಲಿ ಬಲ್ಲವರಿಗೆ ಈ ಮಾತು ಹೊಸದಲ್ಲ. ಮಲೆ, ಕಾಡು, ತಿರುವು, ತಂಗಾಳಿಗಳಿಂದ ಎರಡೂ ದಾರಿಗಳು ಕಣ್ಣಿಗೆ ಹಬ್ಬ. ಆ ಹಬ್ಬದ ಅಂಚಿನಲ್ಲಿಯೇ ಮಳೆಯಿಲ್ಲದೆ ಬಾಡಿದ ರಾಗಿಯ ಹೊಲಗಳಿವೆ, ಬಿರುಕುಬಿಟ್ಟ ಗೋಡೆಯ ಮನೆಗಳಿವೆ. ಬಿಂದಿಗೆಗಳನ್ನು ಸಾಲಿಟ್ಟು ನೀರಿಗಾಗಿ ಕಾಯುವ ಹೆಂಗಸರು, ಬರಿಗಾಲಲ್ಲಿ ನಿಂತು ವಾಹನಗಳತ್ತ ನೋಡುವ ಮಕ್ಕಳು, ದೇವಾಲಯದ ದಾರಿಯಲ್ಲಿ ಕೈಚಾಚಿ ಕುಳಿತ ವೃದ್ಧರು ಒಬ್ಬರಾದ ಮೇಲೊಬ್ಬರು ಕಿಟಕಿಯಾಚೆ ಸರಿದುಹೋಗುತ್ತಾರೆ. ಬಸ್ಸು ಮುಂದೆ ಹೋಗುತ್ತದೆ, ದೃಶ್ಯ ಹೋಗುವುದಿಲ್ಲ.

ಪರಿಚಿತರಾದ ಶ್ರಾವಕಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು: “ಮೇಷ್ಟ್ರೇ, ಆ ಕಡೆ ಹೋಗಿ ಬಂದು ವಾರವಾಯಿತು. ದಾರಿಯಲ್ಲಿ ಕಂಡ ಒಂದು ಮಗುವಿನ ಮುಖ ಕಣ್ಣಿಂದ ಹೋಗುತ್ತಿಲ್ಲ. ಊಟ ಸೇರುತ್ತಿಲ್ಲ. ಇದಕ್ಕೆ ಯಾವ ಸ್ತೋತ್ರ ಹೇಳಿಕೊಳ್ಳಲಿ?”

ಇಂಥ ಪ್ರಶ್ನೆಗೆ ನಮ್ಮ ನಡುವೆ ಸಿದ್ಧ ಉತ್ತರಗಳು ಇದ್ದೇ ಇವೆ. ಅವರವರ ಕರ್ಮ ಅವರವರಿಗೆ ಎನ್ನುವವರುಂಟು. ಅಂಥದ್ದನ್ನು ನೋಡಲೇಬಾರದು, ಕಣ್ಣು ಮುಚ್ಚಿ ಣಮೋಕಾರ ಜಪಿಸಬೇಕು ಎನ್ನುವವರುಂಟು. ಇಡೀ ಲೋಕದ ದುಃಖವನ್ನು ನಾವೊಬ್ಬರು ತೀರಿಸಲಾದೀತೇ ಎಂದು ಕೈತೊಳೆದುಕೊಳ್ಳುವವರೂ ಉಂಟು. ಮೂರೂ ಉತ್ತರಗಳ ಗುರಿ ಒಂದೇ: ನೋಡಿದವರ ನೋವನ್ನು ಬೇಗ ಅಡಗಿಸುವುದು. ಆದರೆ ಆ ನೋವು ಅಡಗಬೇಕಾದದ್ದೇ ಎಂಬುದನ್ನು ನಮ್ಮ ಆಚಾರ್ಯರು ಬೇರೆಯೇ ಬಗೆಯಲ್ಲಿ ವಿಚಾರಿಸಿದ್ದಾರೆ.

ಕುಂದಕುಂದಾಚಾರ್ಯರ ‘ಪಂಚಾಸ್ತಿಕಾಯ’ದಲ್ಲಿ ಅನುಕಂಪೆಗೆ ಒಂದು ಲಕ್ಷಣವಿದೆ. ಅದರ ಸಾರ ಇಷ್ಟು. ಬಾಯಾರಿದವನನ್ನೋ ಹಸಿದವನನ್ನೋ ದುಃಖಿತನನ್ನೋ ಕಂಡು, ತಾನೂ ಮನಸ್ಸಿನಲ್ಲಿ ದುಃಖಿತನಾಗಿ, ಕರುಣೆಯಿಂದ ಅವನನ್ನು ಸಾರಿ ನೆರವಾಗುವವನದು ಅನುಕಂಪೆ. ಒಂದೇ ಗಾಹೆಯಲ್ಲಿ ಮೂರು ಕ್ರಿಯೆಗಳು ಸೇರಿವೆ: ಕಾಣುವುದು, ನೋಯುವುದು, ಹತ್ತಿರ ಸಾರುವುದು. ನಡುವಿನದನ್ನು ಗಮನಿಸಬೇಕು. ನೋವಿಲ್ಲದ ಶಾಂತಚಿತ್ತದಿಂದ ನೆರವಾಗಬೇಕೆಂದು ಆಚಾರ್ಯರು ಹೇಳಲಿಲ್ಲ. ನೋಡಿದವನ ಮನಸ್ಸು ದುಃಖಿತವಾಗುವುದನ್ನು ಲಕ್ಷಣದೊಳಗೇ ಸೇರಿಸಿದರು. ‘ಅನುಕಂಪೆ’ ಎಂಬ ಪದದ ಹುಟ್ಟನ್ನು ನೋಡಿದರೂ ಇದೇ ತಿಳಿಯುತ್ತದೆ. ಕಂಪಿಸುವುದು ಎಂದರೆ ನಡುಗುವುದು. ಇನ್ನೊಬ್ಬ ನಡುಗಿದಾಗ ಅವನ ಹಿಂದೆಯೇ ತಾನೂ ನಡುಗುವುದು ಅನುಕಂಪೆ. ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ ಎಂದು ಸಮ್ಯಕ್ತ್ವದ ನಾಲ್ಕು ಗುರುತುಗಳನ್ನು ಎಣಿಸುವಾಗ ಶಾಸ್ತ್ರಕಾರರು ಈ ನಡುಕವನ್ನು ಬಿಡಲಿಲ್ಲ. ಆ ಶ್ರಾವಕಿಗೆ ನಾನು ಮೊದಲು ಹೇಳಿದ್ದೂ ಇದನ್ನೇ. ಅಮ್ಮ, ನಿಮಗೆ ಬಂದಿರುವುದು ರೋಗವಲ್ಲ, ಗುರುತು.

ಈ ಗಾಹೆಗೆ ಟೀಕೆ ಬರೆದ ಅಮೃತಚಂದ್ರಸೂರಿಗಳು ಒಂದು ಸೂಕ್ಷ್ಮವನ್ನು ಸೇರಿಸುತ್ತಾರೆ. ಅಜ್ಞಾನಿಯ ಅನುಕಂಪೆಯಲ್ಲಿ, ಕಂಡ ದುಃಖವನ್ನು ಹೇಗಾದರೂ ನೀಗಿಸಬೇಕೆಂಬ ತಳಮಳ ಇರುತ್ತದೆ. ಜ್ಞಾನಿಯಾದವನು ಕೆಳಗಿನ ಭೂಮಿಕೆಗಳಲ್ಲಿರುವಾಗ, ಇಡೀ ಜಗತ್ತೇ ಜನ್ಮಸಾಗರದಲ್ಲಿ ಮುಳುಗಿರುವುದನ್ನು ಕಂಡು ಅವನ ಮನಸ್ಸಿನಲ್ಲಿಯೂ ತುಸು ಖೇದ ಉಳಿಯುತ್ತದೆ. ತಳಮಳ ಇಳಿದೀತು, ಖೇದ ಉಳಿದೀತು. ಜ್ಞಾನ ಬಂದರೆ ಎದೆ ಕಲ್ಲಾಗುತ್ತದೆ ಎಂದು ಎಣಿಸಿದವರು ಈ ಟೀಕೆಯನ್ನು ಓದಬೇಕು.

ಹಾಗಾದರೆ ಪ್ರಯಾಣಿಕನ ಸಂಕಟ ವಾರಗಟ್ಟಲೆ ಕೊಳೆಯುವುದೇಕೆ? ಮೂರು ಕ್ರಿಯೆಗಳಲ್ಲಿ ಅವನಿಗೆ ಎರಡು ಮಾತ್ರ ದಕ್ಕುತ್ತವೆ. ಕಾಣುತ್ತಾನೆ, ನೋಯುತ್ತಾನೆ, ಹತ್ತಿರ ಸಾರುವ ಮೊದಲೇ ವಾಹನ ತಿರುವು ದಾಟಿರುತ್ತದೆ. ನಮ್ಮ ಮುನಿಗಳ ವಿಹಾರ ಹೀಗಲ್ಲ. ಅವರು ವಾಹನವೇರುವುದಿಲ್ಲ. ಈರ್ಯಾಸಮಿತಿಯಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಆ ವೇಗದಲ್ಲಿ ನಡೆಯುವವರಿಗೆ ಒಂದು ಊರು ದೃಶ್ಯವಾಗಿ ಸರಿದುಹೋಗುವುದಿಲ್ಲ. ಎದುರಿಗೆ ಬರುತ್ತದೆ, ಮಾತನಾಡಿಸುತ್ತದೆ, ಜೊತೆಗೆ ನಾಲ್ಕು ಹೆಜ್ಜೆ ನಡೆಯುತ್ತದೆ. ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಲ್ಲಿಯೂ ನಾನು ಇದನ್ನು ಕಂಡಿದ್ದೇನೆ. ದಾರಿಯ ಬಡತನವನ್ನು ಕಂಡು ಕಂಗೆಟ್ಟವರು ಅವರಲ್ಲಿ ಕಡಿಮೆ. ಆ ದಾರಿಯ ಜನರ ಜಗಲಿಯಲ್ಲಿ ಮಲಗಿ, ಅವರು ಕೊಟ್ಟ ನೀರು ಕುಡಿದು ಅವರು ಹೋಗುತ್ತಾರೆ. ಕೊಡುವವರಾರು, ಪಡೆಯುವವರಾರು ಎಂಬುದು ಅಲ್ಲಿ ಅದಲುಬದಲಾಗಿರುತ್ತದೆ.

ಮೂರನೆಯ ಹೆಜ್ಜೆ ತಪ್ಪಿದಾಗ ನೋವು ದಿಕ್ಕು ಬದಲಿಸುತ್ತದೆ. ಇದಕ್ಕೂ ನಮ್ಮಲ್ಲಿ ಹೆಸರಿದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಅನಿಷ್ಟಸಂಯೋಗ ಎಂಬುದೊಂದು. ಮನಸ್ಸಿಗೆ ಒಗ್ಗದ್ದು ಎದುರಾದಾಗ, ಇದು ಎಂದು ತೊಲಗೀತು, ಹೇಗೆ ತೊಲಗೀತು ಎಂದು ಚಿತ್ತ ಅದನ್ನೇ ಸುತ್ತುವುದು. ಹೊರನೋಟಕ್ಕೆ ಅನುಕಂಪೆಯೂ ಆರ್ತಧ್ಯಾನವೂ ಒಂದೇ ರೀತಿ ಕಾಣುತ್ತವೆ. ಎರಡರಲ್ಲೂ ಕಣ್ಣು ತುಂಬುತ್ತದೆ, ಊಟ ಸೇರುವುದಿಲ್ಲ. ಆದರೆ ಅನುಕಂಪೆಯ ಕೇಂದ್ರ ಆ ಮಗು. ಆರ್ತಧ್ಯಾನದ ಕೇಂದ್ರ ನಾನು. ‘ಆ ಮಗು ಉಂಡಿತೇ?’ ಎಂಬುದು ಒಂದು. ‘ಆ ಮುಖ ನನ್ನ ಕಣ್ಣಿಂದ ಯಾವಾಗ ಹೋದೀತು?’ ಎಂಬುದು ಇನ್ನೊಂದು. ಒಂದೇ ಗಂಟೆಯಲ್ಲಿ ಮನಸ್ಸು ಇವೆರಡರ ನಡುವೆ ಹತ್ತು ಸಾರಿ ಓಡಾಡಬಲ್ಲದು. ಆಗ ತನ್ನನ್ನು ತಾನೇ ಹಳಿದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಅದು ಯಾವ ಕಡೆ ಓಡುತ್ತಿದೆ ಎಂಬುದನ್ನು ತಿಳಿದರೆ ಸಾಕು.

ಈ ಸಂಕಟದಲ್ಲಿ ಇನ್ನೊಂದು ಎಳೆಯೂ ಬೆರೆತಿರುತ್ತದೆ. ಅದನ್ನು ಹೇಳಲು ನಾವು ನಾಚುತ್ತೇವೆ. ಅದು ಜುಗುಪ್ಸೆ. ಹರಕು ಬಟ್ಟೆ, ಹುಣ್ಣಿನ ಕಾಲು, ಬೆವರಿನ ವಾಸನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನು ಇಟ್ಟವರು ಮನುಷ್ಯನ ಈ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲವರು. ಉದ್ದಾಯನ ಮಹಾರಾಜನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವ ಉಂಡದ್ದನ್ನು ಕಾರಿಕೊಂಡಾಗ, ರಾಜ ಮೂಗು ಮುಚ್ಚದೆ ಅವನ ಮೈ ತೊಳೆದ. ಕಥೆ ಕೇಳುವಾಗ ನಾವೆಲ್ಲ ಉದ್ದಾಯನರೇ. ಬಸ್ ನಿಲ್ದಾಣದಲ್ಲಿ ಸೀಟು ಬದಲಿಸುತ್ತೇವೆ.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಎರಡು ಸೂತ್ರಗಳು ಒಂದರ ಪಕ್ಕದಲ್ಲೊಂದು ಇವೆ. ಮೊದಲನೆಯದು ಅಸಾತಾವೇದನೀಯ ಕರ್ಮದ, ಎಂದರೆ ಮುಂದೆ ದುಃಖವನ್ನು ಉಣಿಸುವ ಕರ್ಮದ ಕಾರಣಗಳನ್ನು ಹೇಳುತ್ತದೆ. ದುಃಖ, ಶೋಕ, ತಾಪ, ಆಕ್ರಂದನ ಮುಂತಾದವು ಅಲ್ಲಿವೆ. ಇವನ್ನು ಪರರಲ್ಲಿ ಉಂಟುಮಾಡಿದರೆ ಮಾತ್ರವಲ್ಲ, ತನ್ನಲ್ಲಿ ತಾನೇ ಉಂಟುಮಾಡಿಕೊಂಡರೂ ಬಂಧವೇ. ಮುಂದಿನ ಸೂತ್ರ ಸಾತಾವೇದನೀಯದ ಕಾರಣಗಳನ್ನು ಹೇಳುತ್ತದೆ. ಅಲ್ಲಿ ಮೊದಲಿಗೇ ಬರುವುದು ಜೀವಿಗಳ ಮೇಲಿನ ಅನುಕಂಪೆ, ಅದರ ಹಿಂದೆ ದಾನ. ಶೋಕ ಒಂದು ಸೂತ್ರದಲ್ಲಿ, ಅನುಕಂಪೆ ಮತ್ತೊಂದರಲ್ಲಿ. ಮರುಗುವುದೂ ಕೊರಗುವುದೂ ಒಂದೇ ಎಂದು ತಿಳಿದವರಿಗೆ ಈ ವಿಂಗಡಣೆಯೇ ಉತ್ತರ.

ಈ ಸೂತ್ರಗಳಿಗೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ನಮ್ಮ ಚಾಮರಾಜನಗರ ಜಿಲ್ಲೆಗೆ ದೂರದವರಲ್ಲ. ಮಲೆಯೂರಿನ ಕನಕಗಿರಿಯಲ್ಲಿ ಅವರು ತಪಸ್ಸು ಮಾಡಿದರೆಂಬುದು ಪರಂಪರೆಯ ನಂಬಿಕೆ. ಅನುಗ್ರಹಬುದ್ಧಿಯಿಂದ ಒದ್ದೆಯಾದ ಚಿತ್ತ ಪರರ ಪೀಡೆಯನ್ನು ತನ್ನಲ್ಲಿಯೇ ಇರುವಂತೆ ಭಾವಿಸುವುದು ಅನುಕಂಪೆ ಎಂದು ಅವರು ಬಿಡಿಸುತ್ತಾರೆ. ಹಿಂದಿನ ಸೂತ್ರದಲ್ಲಿ ಅವರು ಒಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ: ದುಃಖ ಉಂಟುಮಾಡುವುದೆಲ್ಲ ಪಾಪವಾದರೆ ಉಪವಾಸ, ಕೇಶಲೋಚಗಳ ಗತಿಯೇನು? ಅದಕ್ಕೆ ಅವರು ವೈದ್ಯನ ದೃಷ್ಟಾಂತ ಕೊಡುತ್ತಾರೆ. ದಯಾಳುವಾದ ವೈದ್ಯ ಸಂಯಮಿಯ ಕುರುವನ್ನು ಕೊಯ್ದರೆ ನೋವಾಗುತ್ತದೆ, ಆದರೆ ವೈದ್ಯನಿಗೆ ಪಾಪವಿಲ್ಲ. ಅವನ ಚಿತ್ತದಲ್ಲಿ ಕ್ರೋಧವಿಲ್ಲ, ಗುಣಪಡಿಸುವ ಬಯಕೆಯಿದೆ. ಈ ವೈದ್ಯ ನಮ್ಮ ಪ್ರಶ್ನೆಗೂ ಸಲ್ಲುತ್ತಾನೆ. ಹುಣ್ಣನ್ನು ಕಂಡು ಅವನು ಕಣ್ಣೀರಿಡುತ್ತ ಕುಳಿತರೆ ರೋಗಿಗೆ ಏನು ಬಂತು? ಮುಖ ತಿರುಗಿಸಿದರೂ ಏನು ಬಂತು?

ಇನ್ನು ‘ಅವರವರ ಕರ್ಮ’ ಎಂಬ ಮಾತು. ಜೈನನಾಗಿ ಕರ್ಮಸಿದ್ಧಾಂತವನ್ನು ನಾನು ಒಪ್ಪುತ್ತೇನೆ. ಈ ಮಾತನ್ನು ಒಪ್ಪುವುದಿಲ್ಲ. ಕರ್ಮಸಿದ್ಧಾಂತ ನನ್ನ ದುಃಖಕ್ಕೆ ಇನ್ನೊಬ್ಬರನ್ನು ದೂಷಿಸದಿರಲು ಇರುವ ಕನ್ನಡಿ. ಅದನ್ನು ಹಸಿದವನ ಮುಖಕ್ಕೆ ಹಿಡಿಯಬೇಕೆಂದು ಯಾವ ಆಚಾರ್ಯರೂ ಹೇಳಿಲ್ಲ. ಅವನ ಅಸಾತಾ ಉದಯಕ್ಕೆ ಬಂದಿರಬಹುದು. ಅದೇ ಗಳಿಗೆಯಲ್ಲಿ ಅವನೆದುರು ನಿಂತ ನನಗೆ ಯಾವ ಕರ್ಮ ಬಂಧವಾಗುತ್ತಿದೆ ಎಂಬುದನ್ನು ಅಲ್ಲವೇ ನಾನು ನೋಡಬೇಕಾದದ್ದು? ಬಾಹ್ಯ ನಿಮಿತ್ತಗಳನ್ನೂ ನಮ್ಮ ಶಾಸ್ತ್ರ ಅಲ್ಲಗಳೆಯುವುದಿಲ್ಲ. ಈ ಸೀಮೆಯ ಬಡತನಕ್ಕೆ ಕಣ್ಣಿಗೆ ಕಾಣುವ ನಿಮಿತ್ತಗಳೇ ಸಾಲುಸಾಲಾಗಿವೆ. ಹನೂರಿನ ಸುತ್ತಿನ ಬೇಸಾಯ ಬಹುಮಟ್ಟಿಗೆ ಮಳೆಯನ್ನು ನಂಬಿದ್ದು. ಬಂದ ಬೆಳೆಗೆ ಕಾಡಂಚಿನಲ್ಲಿ ಆನೆ, ಹಂದಿಗಳ ಕಾಟ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯ ಅಂಚು, ಆಮೇಲೆ ಮೈಸೂರು ಜಿಲ್ಲೆಯ ಅಂಚು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಬೆಟ್ಟದ ನಡುವಿನ ಕೆಲವು ಹಳ್ಳಿಗಳಿಂದ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತರುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಡೋಲಿಯ ಕಂಬಕ್ಕೆ ಹೆಗಲು ಕೊಟ್ಟವರೊಡನೆ ಪೂರ್ವಜನ್ಮದ ಚರ್ಚೆ ಮಾಡುವುದು ಧರ್ಮವಲ್ಲ.

ದಾರಿಯಲ್ಲಿ ಕಂಡ ನೋವಿನಿಂದ ಬದುಕೇ ತಿರುಗಿದ ಕಥೆ ನಮ್ಮ ಪುರಾಣದಲ್ಲಿಯೇ ಇದೆ. ನೇಮಿಕುಮಾರ ರಥವೇರಿ ಮದುವೆಗೆ ಹೊರಟಿದ್ದ. ದಾರಿಯ ಬದಿಯಲ್ಲಿ ಕೂಡಿಹಾಕಿದ ಮೂಕಪ್ರಾಣಿಗಳ ಮೊರೆ ಕೇಳಿಸಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ವೈರಾಗ್ಯಕ್ಕೂ ಗಿರಿನಾರಕ್ಕೂ ಹೋಗುತ್ತಾರೆ. ನಡುವೆ ನಡೆದದ್ದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ನೇಮಿ ರಥವನ್ನು ನಿಲ್ಲಿಸಿದ. ಸಾರಥಿಯನ್ನು ಕೇಳಿದ: ಇವನ್ನೇಕೆ ಇಲ್ಲಿ ಕೂಡಿಹಾಕಿದ್ದಾರೆ? ಬಂದ ಉತ್ತರ ಅವನನ್ನೇ ಮುಟ್ಟಿತು. ಅವು ಅಲ್ಲಿದ್ದದ್ದು ಅವನದೇ ಮದುವೆಯ ಔತಣಕ್ಕಾಗಿ. ಕಂಡ ದುಃಖಕ್ಕೂ ತನ್ನ ಸಂಭ್ರಮಕ್ಕೂ ಇದ್ದ ನಂಟು ತಿಳಿದ ಮೇಲೆ ಅವನು ಅವುಗಳನ್ನು ಬಿಡಿಸಿದ, ರಥವನ್ನು ತಿರುಗಿಸಿದ.

ಕೇಳುವ ಆ ಅಭ್ಯಾಸ ನಮ್ಮಲ್ಲಿ ಕಡಿಮೆ. ಕೊಳ್ಳೇಗಾಲ ರೇಷ್ಮೆಯ ಊರು. ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಕೆಲಸ, ಮಗ್ಗ, ಸೀರೆ ಅಂಗಡಿ ಎಲ್ಲವೂ ಅಲ್ಲಿವೆ. ಪತಂಗ ಹೊರಬರುವ ಮೊದಲೇ ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಲ್ಲದೆ ಎಳೆ ಮುರಿಯದ ನೂಲು ಸಿಗುವುದಿಲ್ಲ ಎಂಬ ಕಾರಣದಿಂದ ರೇಷ್ಮೆಯನ್ನು ತ್ಯಜಿಸಿದ ಶ್ರಾವಕರನ್ನು ನಾನು ಬಲ್ಲೆ, ಅವರಿಗೆ ಕೈಮುಗಿಯುತ್ತೇನೆ. ಆದರೆ ಅದೇ ಬಿಸಿನೀರಿನಲ್ಲಿ ದಿನವೆಲ್ಲ ಬೆರಳಾಡಿಸಿ ಎಳೆ ಹುಡುಕುವ ಹೆಂಗಸಿನ ಬೆರಳುಗಳನ್ನು ನೋಡಿದ್ದೀರಾ? ತೊಗಲು ಬಿಳಿಚಿ, ಬಿರಿದು, ಉಗುರಿನ ಸಂದಿ ಕೊಳೆತಿರುತ್ತದೆ. ಹುಳುವಿಗಾಗಿ ಮರುಗಿದ ಮನಸ್ಸು ಆ ಬೆರಳುಗಳನ್ನು ಕಾಣದೆ ಹೋಗಬಾರದು. ರೇಷ್ಮೆಯನ್ನು ಬಿಟ್ಟವನಿಗೆ ಆ ಹೆಂಗಸಿನ ಸಂಸಾರ ಹೇಗೆ ನಡೆಯಬೇಕೆಂಬ ಚಿಂತೆಯೂ ಇರಬೇಕು. ರೇಷ್ಮೆ ಉಡುವವರಿಗಂತೂ ಇರಲೇಬೇಕು. ಈ ಪ್ರಶ್ನೆಗೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ.

ಚಾಮರಾಜನಗರದ ಕರಿಕಲ್ಲು ದೇಶ ವಿದೇಶಗಳಲ್ಲಿ ಹೆಸರಾದದ್ದು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹೊಳೆಯುವ ಕಲ್ಲು ಯಾವ ಕ್ವಾರಿಯಿಂದ ಬಂತು, ಅದನ್ನು ಸೀಳಿದವನ ದಿನಗೂಲಿ ಎಷ್ಟು ಎಂದು ಕೊಳ್ಳುವಾಗ ನಾವು ಕೇಳುವುದಿಲ್ಲ. ಬೆಲೆ ಇಳಿಸಿ ಎಂದು ಮಾತ್ರ ಕೇಳುತ್ತೇವೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಛೇದಿಸುವುದು ಎಂಬ ಮೂರು ಎಲ್ಲರಿಗೂ ನೆನಪಿರುತ್ತವೆ. ಉಳಿದೆರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ: ಮಿತಿಮೀರಿ ಹೊರೆ ಹೊರಿಸುವುದು, ಅನ್ನ ನೀರಿಗೆ ಅಡ್ಡಿಮಾಡುವುದು. ದುಡಿಸಿಕೊಂಡು ಕೂಲಿಯನ್ನು ಮುಂದೂಡುವ ವರ್ತಕ ಪರ್ವದ ದಿನ ಹಸಿರು ತರಕಾರಿ ಬಿಟ್ಟರೆ ಅವನ ವ್ರತ ನಿರತಿಚಾರವಾಗುತ್ತದೆಯೇ ಎಂದು ನಾನು ಹಲವು ಸಭೆಗಳಲ್ಲಿ ಕೇಳಿದ್ದೇನೆ. ಸಭಿಕರು ನಗುತ್ತಾರೆ, ವರ್ತಕರು ನಗುವುದಿಲ್ಲ.

ಜೈನಕುಲದಲ್ಲಿ ಹುಟ್ಟಿದ ಮಾತ್ರಕ್ಕೆ ಈ ಕಣ್ಣು ತಾನಾಗಿ ತೆರೆಯುವುದಿಲ್ಲ. ಯಳಂದೂರೇ ಇದಕ್ಕೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ. ಅವನ ಕಾಲದ ಕಂದಾಯದ ಭಾರಕ್ಕೆ ರೈತರು ಸಿಡಿದೆದ್ದರು. ಊರ ಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ನೇತುಹಾಕಿ, ಉಳುವುದಿಲ್ಲ ಎಂದು ಸಾರಿದರು ಎಂದು ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ದಂಗೆ ಅಡಗಿತು, 1686ರಲ್ಲಿ ಪಂಡಿತ ಕೊಲೆಯಾದ. ಕೊಂದವರನ್ನು ನಾನು ಸಮರ್ಥಿಸುತ್ತಿಲ್ಲ. ತಲೆಕೆಳಗಾದ ನೇಗಿಲು ಅರಮನೆಯ ಪಲ್ಲಕ್ಕಿಯಿಂದ ಹೇಗೆ ಕಂಡಿರಬಹುದು ಎಂಬುದಷ್ಟೇ ನನ್ನ ಯೋಚನೆ.

ಅದೇ ಊರು, ಅದೇ ಅರಸನ ಅರಮನೆ. ಯಳಂದೂರಿನಿಂದ ಬಂದ ಹೊನ್ನಮ್ಮ ಎಂಬ ಹುಡುಗಿ ಅಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದಳು. ನೋಡಿದವರಿಗೆ ಊಳಿಗದ ಹುಡುಗಿ, ಅಷ್ಟೇ. ಯಾರೋ ಅವಳಲ್ಲಿ ಬೇರೇನನ್ನೋ ಕಂಡರು, ಪಾಠ ಹೇಳಿದರು. ‘ಹದಿಬದೆಯ ಧರ್ಮ’ ಕನ್ನಡಕ್ಕೆ ಬಂತು. ನಮ್ಮ ನಾಲ್ಕು ಭಾವನೆಗಳಲ್ಲಿ ಕಾರುಣ್ಯಕ್ಕೆ ಮೊದಲು ಪ್ರಮೋದವನ್ನು ಎಣಿಸಿದ್ದಾರೆ. ಗುಣವನ್ನು ಕಂಡು ಹಿಗ್ಗುವುದು ಪ್ರಮೋದ. ಬಡವರನ್ನು ಕಂಡಾಗ ನಮ್ಮಲ್ಲಿ ಕಾರುಣ್ಯ ಮಾತ್ರ ಎಚ್ಚರಗೊಳ್ಳುತ್ತದೆ, ಪ್ರಮೋದ ನಿದ್ರಿಸುತ್ತದೆ. ಕೇವಲ ಕನಿಕರದ ಕಣ್ಣಿಗೆ ಎದುರಿನವರ ಕೊರತೆಯಷ್ಟೇ ಕಾಣುವುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳನ್ನು ನೋಡಿ ಬಂದವರು “ಪಾಪ, ಮಣ್ಣಿನ ಮನೆ” ಎನ್ನುವುದುಂಟು. ಮಣ್ಣಿನ ಮನೆ ಬಡತನವಲ್ಲ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಬೇಟೆಯೂ ಕಾಡಿನ ಬೇಸಾಯವೂ ಅವರಿಗೆ ತಪ್ಪಿದವು. ಮುಂದೆ ಜೇನು, ಪಾಚಿ, ನೆಲ್ಲಿಕಾಯಿಗಳನ್ನು ತಂದು ಮಾರುವುದಕ್ಕೂ ತಡೆ ಬಂತು. ಬಡತನವಿದ್ದದ್ದು ಅಲ್ಲಿ. (ಜೇನು ನಮಗೆ ವರ್ಜ್ಯ, ಬೇಟೆಯಂತೂ ಮಹಾಪಾಪ, ನಿಜ. ನನ್ನ ವ್ರತವನ್ನು ನಾನು ಪಾಲಿಸಬೇಕು. ಅದರ ಬೆಲೆಯನ್ನು ಇನ್ನೊಬ್ಬರ ಒಲೆಯಿಂದ ವಸೂಲು ಮಾಡಬಾರದು.) 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯ ಮೇರೆಗೆ ಅವರ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಮಾನ್ಯವಾಯಿತು. ಮರುಗುವ ಮೊದಲು ಯಾವುದಕ್ಕಾಗಿ ಮರುಗಬೇಕೆಂದು ತಿಳಿಯುವುದು ಒಳ್ಳೆಯದು. ಡಾ. ಎಚ್. ಸುದರ್ಶನ್ ಅವರು ಅಲ್ಲಿಗೆ ವೈದ್ಯರಾಗಿ ಬಂದವರು. ಹಾಗೆ ಬಂದವರು ಅಲ್ಲೇ ನೆಲೆಸಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಔಷಧ ಕೊಡುತ್ತ ಹೋದಂತೆ ಶಾಲೆ ಬೇಕೆನಿಸಿತು. ಶಾಲೆ ನಡೆಸುತ್ತ ಹೋದಂತೆ ಕಸುಬು, ಹಕ್ಕುಗಳ ಮಾತು ಬಂತು. ಅವರ ಪ್ರೇರಣೆ ವಿವೇಕಾನಂದರದು. ಆದರೆ ಕುಂದಕುಂದರ ಗಾಹೆಯ ಮೂರನೆಯ ಕ್ರಿಯೆಗೆ ನಿದರ್ಶನ ಬೇಕೆಂದಾಗ ನನಗೆ ನೆನಪಾಗುವುದು ಅವರ ಕೆಲಸ.

ಎಲ್ಲರೂ ಹಾಗೆ ಬೆಟ್ಟದಲ್ಲಿ ನೆಲೆಸಲಾರರು, ನೆಲೆಸಬೇಕಾಗಿಯೂ ಇಲ್ಲ. ಗೃಹಸ್ಥನಿಗೆ ಅವನ ಅಳತೆಯ ದಾರಿಯಿದೆ. ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ದತ್ತಿಗಳನ್ನು ವಿಂಗಡಿಸುವಾಗ ಪಾತ್ರದತ್ತಿಯಿಂದ ಬೇರೆಯಾಗಿ ದಯಾದತ್ತಿಯನ್ನು ಇಟ್ಟಿದ್ದಾರೆ. ಮುನಿಗೆ ಆಹಾರ ಕೊಡುವಾಗ ಪಾತ್ರದ ವಿಚಾರವುಂಟು. ದಯಾದತ್ತಿಯಲ್ಲಿ ಯೋಗ್ಯನೇ ಎಂಬ ಪರೀಕ್ಷೆಯಿಲ್ಲ. ದುಃಖಿತನಾಗಿರುವುದೇ ಅರ್ಹತೆ, ಅವನ ಭಯವನ್ನು ನೀಗುವುದೇ ಗುರಿ. ಆದ್ದರಿಂದ ಬೆಟ್ಟದ ದಾರಿಯಲ್ಲಿ ಕೈಚಾಚಿದ ಮುದುಕಿಗೆ ಕೊಡುವಾಗ ಅವಳ ಮಗ ಕುಡಿಯುತ್ತಾನೋ ಎಂದು ವಿಚಾರಿಸಬೇಕಾಗಿಲ್ಲ. ಆದರೆ ಭಯ ನೀಗುವಂತೆ ಕೊಡುವುದು ಬೇರೆ, ಚಲಿಸುವ ಕಾರಿನಿಂದ ನಾಣ್ಯ ಬಿಸ್ಕತ್ತುಗಳನ್ನು ಎಸೆಯುವುದು ಬೇರೆ. ಎಸೆದದ್ದನ್ನು ಹೆಕ್ಕಲು ಮಕ್ಕಳು ರಸ್ತೆಗೆ ಓಡಿಬರುತ್ತಾರೆ. ಅದರ ಚಿತ್ರ ತೆಗೆಯುವವರನ್ನೂ ಕಂಡಿದ್ದೇನೆ. ಅದನ್ನು ದಾನದ ಲೆಕ್ಕಕ್ಕೆ ಬರೆಯಬೇಡಿ. ವಾಹನ ನಿಲ್ಲಿಸಿ, ಇಳಿದು, ಎರಡು ಕೈಗಳಿಂದ ಕೊಡಿ. ಹೆಸರು ಕೇಳಿ.

ಮಕ್ಕಳ ಕೈಗೆ ಹಣ ಕೊಡುವುದಕ್ಕಿಂತ ಅವರ ಶಾಲೆಯ ದಾರಿ ಕೇಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಕಡೆಗೂ ಬಂತು. ಆ ವರ್ಷಗಳಲ್ಲಿ ಪಾಠ ಮಾಡಿದವರಿಗೆ ಒಂದು ಸಂಗತಿ ಗೊತ್ತು. ಸೋಮವಾರ ಅನ್ನ ಸಾಂಬಾರು ಉಳಿದ ದಿನಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು. ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ. ಹಿಂದಿನ ದಿನ ಭಾನುವಾರ. ಕೊಡಗಿನಲ್ಲಿ ಕಾಫಿ ಕೊಯ್ಲು ಆರಂಭವಾದಾಗ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗೆರೆ ಉದ್ದವಾಗುತ್ತಿತ್ತು. ತಂದೆತಾಯಿಯರ ಹಿಂದೆ ಮಕ್ಕಳೂ ಹೋಗಿರುತ್ತಿದ್ದರು. ಇಂಥ ಶಾಲೆಗೆ ಯಾತ್ರಿಕನೊಬ್ಬ ವರ್ಷಕ್ಕೊಮ್ಮೆ ಬಂದು ಹತ್ತು ಮಕ್ಕಳಿಗೆ ಚಪ್ಪಲಿ, ಸ್ವೆಟರು ಕೊಟ್ಟರೆ ಅದು ಶಾಸ್ತ್ರದಾನವೂ ಅಭಯದಾನವೂ ಆದೀತು. ಆ ಶ್ರಾವಕಿಗೆ ನಾನು ಸೂಚಿಸಿದ್ದು ಸ್ತೋತ್ರವನ್ನಲ್ಲ, ಒಂದು ಶಾಲೆಯ ವಿಳಾಸವನ್ನು. ಮುಖ ಕಂಡ ಮಗು ಆ ಶಾಲೆಯದಲ್ಲದಿರಬಹುದು. ಮೂರನೆಯ ಹೆಜ್ಜೆಯನ್ನು ನೋವು ಹುಟ್ಟಿದ ಜಾಗದಲ್ಲಿಯೇ ಇಡಬೇಕೆಂಬ ನಿಯಮವಿಲ್ಲ.

ಹೀಗೆ ಮಾಡಿದ ಮೇಲೂ ಉಳಿಯುವುದು ಅಪಾರ. ಅಲ್ಲಿ ಪರಿಗ್ರಹ ಪರಿಮಾಣ ವ್ರತ ನೆನಪಿಗೆ ಬರಬೇಕು. ಇಷ್ಟು ಹೊಲ, ಇಷ್ಟು ಹೊನ್ನು ಎಂದು ಮಿತಿ ಹಾಕಿಕೊಂಡವನಿಗೆ ಮಿತಿಯಾಚೆ ಬಂದದ್ದು ತನ್ನದಲ್ಲ. ಎಷ್ಟು ಕೊಡಬೇಕೆಂಬ ಪ್ರಶ್ನೆ ಆಗ ಪ್ರತಿ ಸಲ ಎದ್ದು ಕಾಡುವುದಿಲ್ಲ. ಮಿತಿಯೇ ಹಾಕಿಕೊಳ್ಳದವನು ಹತ್ತು ರೂಪಾಯಿ ಕೊಟ್ಟಾಗಲೂ ನೂರು ಕೊಡಬೇಕಿತ್ತೇ ಎಂದು ರಾತ್ರಿಯೆಲ್ಲ ಹೊರಳುತ್ತಾನೆ. ತನ್ನ ಶಕ್ತಿಗೆ ಮೀರಿದ್ದರ ಮುಂದೆ ಮಾಧ್ಯಸ್ಥ್ಯಕ್ಕೂ ಸ್ಥಾನವಿದೆ. ಅದಕ್ಕೆ ಮೊದಲು ಮೈತ್ರಿ, ಪ್ರಮೋದ, ಕಾರುಣ್ಯಗಳನ್ನು ದಾಟಿ ಬಂದಿರಬೇಕು. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದರಲ್ಲಿ ಹೋಗಿ ಕುಳಿತರೆ ಅದು ಸೋಮಾರಿತನ.

ಯಾತ್ರೆಯ ರಾತ್ರಿ ತಂಗಿದಲ್ಲಿ ಸಾಮಾಯಿಕಕ್ಕೆ ಕುಳಿತಾಗ ಹಗಲಿನ ಮುಖಗಳು ಬಂದರೆ ಅಟ್ಟಬೇಡಿ. ಒಂದೊಂದನ್ನೇ ನೆನೆದು, ಇವರಿಗೆ ದುಃಖವಿಲ್ಲದಿರಲಿ ಎಂದು ಭಾವಿಸಿ. ನಾಳೆ ಮಾಡಬಹುದಾದ ಒಂದು ಕೆಲಸವನ್ನು ನಿಶ್ಚಯಿಸಿಕೊಂಡು ಮಲಗಿ. ಊಟ ಬಿಡಬೇಕೆನಿಸಿದರೆ ಉಪವಾಸವೆಂದು ಸಂಕಲ್ಪಿಸಿ ಬಿಡಿ, ಆ ಹೊತ್ತಿನ ಖರ್ಚನ್ನು ತೆಗೆದಿಡಿ; ಸಂಕಟದಿಂದ ತಟ್ಟೆಯನ್ನು ತಳ್ಳಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಮಕ್ಕಳೊಡನೆ ಪ್ರಯಾಣಿಸುವವರಿಗೆ ಒಂದು ಮಾತು ಬಾಕಿಯಿದೆ. ಹನೂರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಪ್ರಶ್ನೆ ಬಂದೇ ಬರುತ್ತದೆ: “ತಾತ, ಆ ಮನೆಗೆ ಯಾಕೆ ಬಾಗಿಲಿಲ್ಲ?” “ಆ ಹುಡುಗಿ ಯಾಕೆ ಇಸ್ಕೂಲಿಗೆ ಹೋಗಿಲ್ಲ?” ಸುಮ್ಮನಿರು ಎನ್ನಬೇಡಿ, ಮೊಬೈಲು ಕೈಗಿಡಬೇಡಿ, ಪೂರ್ವಜನ್ಮದ ಕಥೆಯನ್ನೂ ಹೇಳಬೇಡಿ. ನನಗೂ ಗೊತ್ತಿಲ್ಲ, ಕೇಳೋಣ ಎನ್ನಿ. ಕೌದಳ್ಳಿಯಲ್ಲಿ ಚಹಾದಂಗಡಿಗಳಿವೆ. ಅಲ್ಲಿ ಕಾರು ನಿಲ್ಲಿಸಿ, ಮಗುವನ್ನು ಬೆಂಚಿನ ಮೇಲೆ ಊರಿನವರ ಪಕ್ಕದಲ್ಲಿ ಕೂರಿಸಿ, ಪ್ರಶ್ನೆಯನ್ನು ಅದರ ಬಾಯಿಂದಲೇ ಕೇಳಿಸಿ. ಉತ್ತರ ಹೇಳುವವರು ಅಲ್ಲಿ ಇರುತ್ತಾರೆ.